ಹೂವಿನೊಳಗಿನ ಏಳು ಕೋಶಗಳು: ಹೈಬ್ರಿಡ್ ಬೀಜದ ಕೀಲಿಕೈ ಎಲ್ಲಿದೆ?

ಹೈಬ್ರಿಡ್ ಬೀಜ ಬಿತ್ತಿದ ರೈತ ಆ ಬೆಳೆಯಿಂದಲೇ ಮರುವರ್ಷದ ಬಿತ್ತನೆಗೆ ಬೀಜ ಎತ್ತಿಡುವಂತಿಲ್ಲ. ಎತ್ತಿಟ್ಟು ಬಿತ್ತಿದರೆ ಹೊಲದಲ್ಲಿ ಒಂದು ಗಿಡದಂತೆ ಇನ್ನೊಂದು ಇರುವುದಿಲ್ಲ. ಕೆಲವು ಎತ್ತರ, ಕೆಲವು ಗಿಡ್ಡ. ಕೆಲವು ಬೇಗ ತೆನೆ ಹಾಯುತ್ತವೆ, ಕೆಲವು ತಡವಾಗಿ. ಇಳುವರಿಯೂ ಇಳಿಯುತ್ತದೆ. ದಾವಣಗೆರೆ, ಹಾವೇರಿ ಸೀಮೆಯ ಮೆಕ್ಕೆಜೋಳ ಬೆಳೆಗಾರರು ಪ್ರತಿ ಮುಂಗಾರಿಗೂ ಹೊಸ ಬೀಜದ ಚೀಲಕ್ಕೆ ಹಣ ಹೊಂದಿಸಬೇಕಾಗಿರುವುದು ಈ ಕಾರಣದಿಂದಲೇ. ಇದು ಬೀಜ ಕಂಪನಿಗಳು ಹೂಡಿದ ತಂತ್ರವೆಂಬ ಮಾತು ಆಗಾಗ ಕೇಳಿಬರುತ್ತದೆಯಾದರೂ ಅದರ ಮೂಲವಿರುವುದು ಹೂವು ಬೀಜ ಕಟ್ಟುವ ಕ್ರಮದಲ್ಲಿ.

ಆ ಕ್ರಮವನ್ನು ನಡೆಸುವುದು ಹೂವಿನ ಅಂಡಾಶಯದೊಳಗೆ ಹುದುಗಿರುವ ಬೆರಳೆಣಿಕೆಯ ಕೋಶಗಳು. ಅವುಗಳಲ್ಲಿ ಯಾವ ಜೀನ್ ಎಲ್ಲಿ ಎಚ್ಚರಗೊಳ್ಳುತ್ತದೆ, ಎಲ್ಲಿ ಮಲಗಿರುತ್ತದೆ ಎಂಬುದನ್ನು ವಿಜ್ಞಾನಿಗಳು ಕಳೆದ ಮೂರು ದಶಕಗಳಲ್ಲಿ ಒಂದೊಂದಾಗಿ ಪತ್ತೆ ಹಚ್ಚುತ್ತಾ ಬಂದಿದ್ದಾರೆ. ಕೇವಲ ಪ್ರಯೋಗಾಲಯದ ಕುತೂಹಲವೆಂದು ಆರಂಭವಾದ ಈ ಹುಡುಕಾಟ ಇಂದು ಹೈಬ್ರಿಡ್ ಭತ್ತದ ಬೀಜವನ್ನು ರೈತನೇ ಎತ್ತಿಟ್ಟುಕೊಳ್ಳಬಹುದೇ ಎಂಬ ಪ್ರಶ್ನೆಯವರೆಗೆ ಬಂದು ನಿಂತಿದೆ.

ಭ್ರೂಣಚೀಲದ ರಚನೆ

ಹೂವಿನ ಅಂಡಾಶಯದಲ್ಲಿ ಮುಂದೆ ಬೀಜವಾಗಲಿರುವ ಸಣ್ಣ ಉಬ್ಬುಗಳಿರುತ್ತವೆ. ಇವು ಅಂಡಕಗಳು. ಪ್ರತಿ ಅಂಡಕದ ಒಳಗೂ ಒಂದು ತಾಯಿಕೋಶ ಮಿಯಾಸಿಸ್ ಎಂಬ ವಿಭಜನೆಗೆ ಒಳಗಾಗಿ, ವರ್ಣತಂತುಗಳ ಸಂಖ್ಯೆ ಅರ್ಧಕ್ಕಿಳಿದ ನಾಲ್ಕು ಕೋಶಗಳಾಗುತ್ತದೆ. ಸಾಮಾನ್ಯವಾಗಿ ಅವುಗಳಲ್ಲಿ ಮೂರು ನಶಿಸುತ್ತವೆ. ಉಳಿದ ಒಂದರ ನ್ಯೂಕ್ಲಿಯಸ್ ಮೂರು ಬಾರಿ ಇಬ್ಭಾಗವಾಗಿ ಎಂಟಾಗುತ್ತದೆ. ಬಳಿಕ ನಡುವೆ ಗೋಡೆಗಳು ಎದ್ದು ಏಳು ಕೋಶಗಳು ರೂಪುಗೊಳ್ಳುತ್ತವೆ. ಈ ಏಳು ಕೋಶಗಳ ಕೂಟವೇ ಭ್ರೂಣಚೀಲ. ಹೂಬಿಡುವ ಸಸ್ಯಗಳಲ್ಲಿ ಸುಮಾರು ಶೇ 70ರಷ್ಟು ಇದೇ ಮಾದರಿಯನ್ನು ಅನುಸರಿಸುತ್ತವೆ.

ಏಳರಲ್ಲಿ ಒಂದು ಅಂಡಾಣು. ಅದರ ಪಕ್ಕದಲ್ಲಿ ಎರಡು ಸಹಾಯಕ ಕೋಶಗಳು. ನಡುವೆ ಎರಡು ನ್ಯೂಕ್ಲಿಯಸ್‌ಗಳುಳ್ಳ ದೊಡ್ಡ ಮಧ್ಯಕೋಶ. ಇನ್ನೊಂದು ತುದಿಯಲ್ಲಿ ಮೂರು ಕೋಶಗಳಿದ್ದು, ಅವುಗಳ ಕೆಲಸದ ಬಗ್ಗೆ ಒಮ್ಮತ ಇನ್ನೂ ಮೂಡಿಲ್ಲ. ಮೆಕ್ಕೆಜೋಳದಲ್ಲಂತೂ ಅವು ಮೂರಕ್ಕೆ ನಿಲ್ಲದೆ ಹಲವಾರಾಗಿ ಹೆಚ್ಚುತ್ತವೆ.

ಪರಾಗನಾಳವು ಎರಡು ಗಂಡು ಲಿಂಗಾಣುಗಳನ್ನು ಹೊತ್ತು ತರುತ್ತದೆ. ಒಂದು ಅಂಡಾಣುವಿನೊಡನೆ ಕೂಡಿ ಭ್ರೂಣವಾಗುತ್ತದೆ. ಮತ್ತೊಂದು ಮಧ್ಯಕೋಶದೊಡನೆ ಕೂಡಿ ಭ್ರೂಣಕ್ಕೆ ಆಹಾರ ಒದಗಿಸುವ ಎಂಡೋಸ್ಪರ್ಮ್ ಆಗುತ್ತದೆ. ಈ ಇಮ್ಮಡಿ ನಿಷೇಚನವನ್ನು 1898ರಲ್ಲಿ ರಷ್ಯಾದ ಸೆರ್ಗೆಯ್ ನವಾಷಿನ್ ಲಿಲ್ಲಿ ಜಾತಿಯ ಹೂಗಳಲ್ಲಿ ಕಂಡರು. ಮರುವರ್ಷ ಫ್ರಾನ್ಸಿನ ಗಿನ್ಯಾರ್ ಸ್ವತಂತ್ರವಾಗಿ ಅದನ್ನೇ ವರದಿ ಮಾಡಿದರು. ಅನ್ನದ ಅಗುಳು ಎಂಡೋಸ್ಪರ್ಮ್. ಗೋಧಿಹಿಟ್ಟಿನ ಬಹುಪಾಲು ಎಂಡೋಸ್ಪರ್ಮ್. ಎಳನೀರು ಎಂದರೆ ಕೋಶಗೋಡೆಗಳು ಇನ್ನೂ ಏಳದ ದ್ರವರೂಪದ ಎಂಡೋಸ್ಪರ್ಮ್. ಅದರ ಗಂಜಿ, ಗೋಡೆ ಎದ್ದ ನಂತರದ ಸ್ಥಿತಿ. ಮನುಷ್ಯಕುಲದ ಊಟದ ತಟ್ಟೆಯ ದೊಡ್ಡ ಪಾಲು ಮಧ್ಯಕೋಶದ ಸಂತಾನವೆಂದರೆ ಉತ್ಪ್ರೇಕ್ಷೆಯಲ್ಲ.

ಭ್ರೂಣಚೀಲದ ಅಧ್ಯಯನದಲ್ಲಿ ಭಾರತಕ್ಕೆ ಹಳೆಯ ಹೆಸರಿದೆ. ದೆಹಲಿ ವಿಶ್ವವಿದ್ಯಾಲಯದ ಪಂಚಾನನ ಮಾಹೇಶ್ವರಿಯವರು 1950ರಲ್ಲಿ ಪ್ರಕಟಿಸಿದ ಸಸ್ಯ ಭ್ರೂಣಶಾಸ್ತ್ರದ ಗ್ರಂಥ ಜಗತ್ತಿನಾದ್ಯಂತ ಪಠ್ಯವಾಯಿತು. ಕನ್ನಡಿಗರು ‘ಹಸಿರು ಹೊನ್ನು’ ಕೃತಿಯ ಲೇಖಕರೆಂದು ಬಲ್ಲ ಬಿ.ಜಿ.ಎಲ್. ಸ್ವಾಮಿಯವರು ವೃತ್ತಿಯಿಂದ ಇದೇ ಶಾಸ್ತ್ರದ ಪಂಡಿತರು. ಆರ್ಕಿಡ್‌ಗಳ ಭ್ರೂಣಚೀಲವನ್ನು ಕುರಿತ ಅವರ ಸಂಶೋಧನೆಗಳು ಪ್ರಸಿದ್ಧ. ಆದರೆ ಆ ತಲೆಮಾರಿನ ಕೈಯಲ್ಲಿದ್ದದ್ದು ಸೂಕ್ಷ್ಮದರ್ಶಕ ಮತ್ತು ಬಣ್ಣ ಹಾಕಿದ ತೆಳು ಛೇದಗಳು. ಕೋಶಗಳ ಆಕಾರ, ಸಂಖ್ಯೆ, ಸ್ಥಾನ ಕಾಣುತ್ತಿತ್ತು. ಒಂದೇ ಕೋಶದಿಂದ ಹುಟ್ಟಿ, ಒಂದೇ ಡಿಎನ್‌ಎ ಹೊಂದಿದ ಈ ಕೋಶಗಳು ನಾಲ್ಕು ಬೇರೆ ಬೇರೆ ಕಸುಬು ಹಿಡಿದದ್ದು ಹೇಗೆ ಎಂಬುದು ಕಾಣುತ್ತಿರಲಿಲ್ಲ.

ಜೀನ್‌ಗಳ ಪಟ್ಟಿ ಸಿಕ್ಕಿದ ಬಗೆ

ಒಂದು ಜೀನ್ ಕೋಶದಲ್ಲಿ ಇರುವುದು ಬೇರೆ, ಕೆಲಸ ಮಾಡುವುದು ಬೇರೆ. ಡಿಎನ್‌ಎಯಲ್ಲಿರುವ ಸೂಚನೆ ಆರ್‌ಎನ್‌ಎ ಆಗಿ ನಕಲಾಗಿ, ಸಾಮಾನ್ಯವಾಗಿ ಅದರಿಂದ ಪ್ರೋಟೀನ್ ತಯಾರಾದಾಗ ಜೀನ್ ಅಭಿವ್ಯಕ್ತಗೊಂಡಿತು ಎನ್ನುತ್ತಾರೆ. ಅಂಡಾಣುವಿನಲ್ಲಿ ಯಾವ ಆರ್‌ಎನ್‌ಎಗಳಿವೆ ಎಂದು ತಿಳಿದರೆ ಆ ಕೋಶ ಏನು ಮಾಡುತ್ತಿದೆ ಎಂಬುದು ತಿಳಿಯುತ್ತದೆ. ತೊಡಕಿರುವುದು ಗಾತ್ರದಲ್ಲಿ. ಸಾಸಿವೆಯ ಬಂಧುವಾದ ಅರಾಬಿಡಾಪ್ಸಿಸ್ ಎಂಬ ಪ್ರಯೋಗಸಸ್ಯದ ಇಡೀ ಭ್ರೂಣಚೀಲದ ಉದ್ದ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಅದೂ ತಾಯಿಗಿಡದ ಹಲವು ಪದರಗಳ ಅಂಗಾಂಶದೊಳಗೆ ಹೂತುಹೋಗಿರುತ್ತದೆ.

ಮೊದಲ ದಾರಿ ತೋರಿದ್ದು ಮೆಕ್ಕೆಜೋಳ. ಜರ್ಮನಿಯ ಕ್ರಾಂಜ್ ಮತ್ತು ಲೋರ್ಜ್ 1993ರಲ್ಲಿ ಮೆಕ್ಕೆಜೋಳದ ಅಂಡಾಣು ಮತ್ತು ಗಂಡು ಲಿಂಗಾಣುಗಳನ್ನು ಹೊರತೆಗೆದು, ಗಾಜಿನ ತಟ್ಟೆಯಲ್ಲಿ ಕೂಡಿಸಿ, ಅದರಿಂದ ಫಲವತ್ತಾದ ಗಿಡವನ್ನೇ ಬೆಳೆಸಿ ತೋರಿಸಿದರು. ಮರುವರ್ಷ ಅದೇ ತಂಡದಲ್ಲಿ ಥಾಮಸ್ ಡ್ರೆಸೆಲ್‌ಹೌಸ್ ಬಿಡಿ ಅಂಡಾಣುಗಳ ಆರ್‌ಎನ್‌ಎಯಿಂದ ಜೀನ್‌ಗಳ ಸಂಗ್ರಹ ತಯಾರಿಸಿದರು.

ಅರಾಬಿಡಾಪ್ಸಿಸ್‌ನ ಪೂರ್ಣ ಜೀನೋಮ್ 2000ದಲ್ಲಿ ಪ್ರಕಟವಾದ ಮೇಲೆ ಬೇರೊಂದು ಉಪಾಯ ಹೊಳೆಯಿತು. ಭ್ರೂಣಚೀಲವೇ ರೂಪುಗೊಳ್ಳದ ವಿಕೃತ ಗಿಡಗಳಿದ್ದವು. ಸಹಜ ಗಿಡದ ಅಂಡಕದಲ್ಲಿ ಕಾಣುವ, ವಿಕೃತ ಗಿಡದ ಅಂಡಕದಲ್ಲಿ ಕಾಣದ ಆರ್‌ಎನ್‌ಎಗಳನ್ನು ಲೆಕ್ಕ ಹಾಕಿದರೆ, ಕಳೆಯುವ ಲೆಕ್ಕದಂತೆ, ಭ್ರೂಣಚೀಲದ ಜೀನ್‌ಗಳ ಪಟ್ಟಿ ದೊರೆಯುತ್ತದೆ. ಅಮೆರಿಕದಲ್ಲಿ ವೆಂಕಟೇಶನ್ ಸುಂದರೇಶನ್ ಅವರ ತಂಡ 2005ರಲ್ಲಿ, ಗ್ಯಾರಿ ಡ್ರೂಸ್ ಅವರ ತಂಡ 2007ರಲ್ಲಿ ಈ ರೀತಿಯ ಪಟ್ಟಿಗಳನ್ನು ಹೊರತಂದವು. 2010ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಲೇಸರ್ ಕಿರಣದಿಂದ ಅಂಡಾಣು, ಮಧ್ಯಕೋಶ, ಸಹಾಯಕ ಕೋಶಗಳನ್ನು ಪ್ರತ್ಯೇಕವಾಗಿ ಕತ್ತರಿಸಿ ತೆಗೆದು ಒಂದೊಂದರ ಆರ್‌ಎನ್‌ಎಯನ್ನೂ ಓದಿದರು.

ಡ್ರೂಸ್ ತಂಡದ ಪಟ್ಟಿಯಲ್ಲಿ ಡಿಡಿ45 ಎಂಬ ಜೀನ್ ಇತ್ತು. ಅದು ಅಂಡಾಣುವಿನಲ್ಲಿ ಮಾತ್ರ ಚುರುಕಾಗಿರುತ್ತದೆ ಎಂದು ಆಗ ತಿಳಿದುಬಂದಿತ್ತು. ಮುಂದಿನ ಕಥೆಯಲ್ಲಿ ಈ ಜೀನ್ ಎರಡು ಬಾರಿ ಬರುತ್ತದೆ.

ಕರೆಯುವ ಕೋಶ, ಕಾಯುವ ಕೋಶ

ಶಲಾಕಾಗ್ರದ ಮೇಲೆ ಬಿದ್ದ ಪರಾಗದಿಂದ ಹೊರಟ ನಾಳ ಅಂಡಕದ ಬಾಗಿಲನ್ನು ನಿಖರವಾಗಿ ಹುಡುಕಿಕೊಂಡು ಬರುವುದು ಹೇಗೆಂಬುದು ಶತಮಾನಕ್ಕೂ ಮಿಕ್ಕಿದ ಪ್ರಶ್ನೆ. ಇದಕ್ಕೆ ಉತ್ತರ ದೊರೆತದ್ದು ಅಲಂಕಾರಕ್ಕೆಂದು ಕುಂಡಗಳಲ್ಲಿ ಬೆಳೆಸುವ ಟೊರೇನಿಯಾ ಹೂವಿನಲ್ಲಿ. ಈ ಸಸ್ಯದಲ್ಲಿ ಭ್ರೂಣಚೀಲದ ತುದಿ ಅಂಡಕದಿಂದ ಹೊರಚಾಚಿಕೊಂಡಿರುತ್ತದೆ. ಹಾಗಾಗಿ ಕೋಶಗಳು ನೇರವಾಗಿ ಕಾಣುತ್ತವೆ. ಜಪಾನಿನ ತೆತ್ಸುಯಾ ಹಿಗಾಶಿಯಾಮಾ ಮತ್ತು ಸಂಗಡಿಗರು ಲೇಸರ್‌ನಿಂದ ಒಂದೊಂದೇ ಕೋಶವನ್ನು ಸುಟ್ಟು ನೋಡಿದರು. ಅಂಡಾಣು ಸುಟ್ಟರೂ ಪರಾಗನಾಳ ಬಂದಿತು. ಮಧ್ಯಕೋಶ ಸುಟ್ಟರೂ ಬಂದಿತು. ಎರಡೂ ಸಹಾಯಕ ಕೋಶಗಳನ್ನು ಸುಟ್ಟಾಗ ಮಾತ್ರ ನಾಳ ದಾರಿ ತಪ್ಪಿತು. 2001ರಲ್ಲಿ ಪ್ರಕಟವಾದ ಈ ಪ್ರಯೋಗ ಸರಳತೆಯಿಂದಲೇ ಗಮನ ಸೆಳೆಯುತ್ತದೆ.

ಸಹಾಯಕ ಕೋಶಗಳು ಸ್ರವಿಸುವ ಚಿಕ್ಕ ಪ್ರೋಟೀನ್‌ಗಳು ಪರಾಗನಾಳವನ್ನು ಸೆಳೆಯುತ್ತವೆ ಎಂಬುದನ್ನು ಅದೇ ಗುಂಪು 2009ರಲ್ಲಿ ಸಾಬೀತುಪಡಿಸಿ, ಅವಕ್ಕೆ ‘ಲ್ಯೂರ್’ ಎಂದು ಹೆಸರಿಟ್ಟಿತು. ಸೆಳೆತ ಎಂದೇ ಅದರ ಅರ್ಥ. ಲ್ಯೂರ್‌ಗಳು ಜಾತಿಯಿಂದ ಜಾತಿಗೆ ಬೇರೆಯಾಗಿರುತ್ತವೆ. ಅರಾಬಿಡಾಪ್ಸಿಸ್‌ನ ಲ್ಯೂರ್ ಜೀನನ್ನು ಟೊರೇನಿಯಾದ ಸಹಾಯಕ ಕೋಶದಲ್ಲಿ ಅಭಿವ್ಯಕ್ತಗೊಳಿಸಿದಾಗ, ಯಾವ ನಂಟೂ ಇಲ್ಲದ ಅರಾಬಿಡಾಪ್ಸಿಸ್‌ನ ಪರಾಗನಾಳ ಟೊರೇನಿಯಾದ ಭ್ರೂಣಚೀಲದೊಳಕ್ಕೆ ನುಗ್ಗಿದ್ದು 2012ರಲ್ಲಿ ವರದಿಯಾಯಿತು. ಹತ್ತಿಯ ಪರಾಗ ಬೆಂಡೆಯ ಹೂವಿನಲ್ಲಿ ಬಿದ್ದರೂ ಬೆರಕೆ ಬೀಜ ಸುಲಭಕ್ಕೆ ಕಟ್ಟದಿರಲು ಇರುವ ಹಲವು ತಡೆಗಳಲ್ಲಿ ಇಂತಹ ಜಾತಿಗುರುತಿನ ಸಂಜ್ಞೆಗಳಿಗೂ ಪಾತ್ರವಿರಬಹುದು. ಮೊದಲ ನಾಳ ನಿಷೇಚನದಲ್ಲಿ ವಿಫಲವಾದರೆ ಉಳಿದ ಇನ್ನೊಂದು ಸಹಾಯಕ ಕೋಶ ಎರಡನೆಯ ನಾಳವನ್ನು ಕರೆಯುತ್ತದೆ. ಕೆಲಸ ಮುಗಿದ ಮೇಲೆ ಅದು ಎಂಡೋಸ್ಪರ್ಮ್‌ನಲ್ಲಿ ಬೆರೆತು ಇಲ್ಲವಾಗುತ್ತದೆ.

ಅಂಡಾಣು ಮಾತ್ರ ನಿಷೇಚನದ ಗಳಿಗೆಗೆ ಕಾಯುತ್ತದೆ. ಜರ್ಮನಿಯ ಸ್ಟೆಫಾನಿ ಸ್ಪ್ರುಂಕ್ ಮತ್ತು ತಂಡ 2012ರಲ್ಲಿ ತೋರಿಸಿದಂತೆ, ಅಂಡಾಣು ಇಸಿ1 ಎಂಬ ಪ್ರೋಟೀನನ್ನು ಸಣ್ಣ ಚೀಲಗಳಲ್ಲಿ ತುಂಬಿಟ್ಟುಕೊಂಡಿರುತ್ತದೆ. ಗಂಡು ಲಿಂಗಾಣುಗಳು ಹತ್ತಿರ ಬಂದ ಕೂಡಲೇ ಅದು ಹೊರಚೆಲ್ಲುತ್ತದೆ. ಆಗ ಲಿಂಗಾಣುವಿನ ಒಳಗೆ ಅಡಗಿದ್ದ, ಕೂಡುವಿಕೆಗೆ ಬೇಕಾದ ಪ್ರೋಟೀನ್ ಅದರ ಮೈಮೇಲೆ ಬರುತ್ತದೆ. ಅರಾಬಿಡಾಪ್ಸಿಸ್‌ನಲ್ಲಿ ಐದು ಇಸಿ1 ಜೀನ್‌ಗಳಿವೆ. ಐದನ್ನೂ ಕೆಡಿಸಿದರೆ ಲಿಂಗಾಣುಗಳು ಬಾಗಿಲವರೆಗೆ ಬಂದರೂ ಕೂಡುವುದಿಲ್ಲ. ಹಿಂದೆ ಹೇಳಿದ ಡಿಡಿ45, ಈ ಐದರಲ್ಲಿ ಒಂದು.

ತಾಯಿಯ ಪ್ರತಿಗೆ ಮಾತ್ರ ಮಾತು

ಮಧ್ಯಕೋಶದ ಜೀನ್‌ಗಳು ಇನ್ನೊಂದು ವಿಚಿತ್ರವನ್ನು ಹೊರಗೆಡವಿವೆ. ಅಮೆರಿಕದ ಜೆರ್ರಿ ಕರ್ಮಿಕಲ್ 1970ರಲ್ಲಿ ಮೆಕ್ಕೆಜೋಳದ ಕಾಳಿನ ಬಣ್ಣಕ್ಕೆ ಕಾರಣವಾದ ಒಂದು ಜೀನನ್ನು ಪರಿಶೀಲಿಸಿದರು. ಅದು ತಾಯಿಯಿಂದ ಬಂದರೆ ಕಾಳಿಗೆ ಪೂರ್ತಿ ಬಣ್ಣ. ಅದೇ ಜೀನ್ ತಂದೆಯಿಂದ ಬಂದರೆ ಚುಕ್ಕೆಚುಕ್ಕೆ. ಮೆಂಡೆಲನ ನಿಯಮದ ಪ್ರಕಾರ ಎರಡಕ್ಕೂ ಭೇದವಿರಬಾರದು. ಇಲ್ಲಿ ಜೀನ್ ತಾನು ಬಂದ ಮನೆಯ ಮುದ್ರೆಯನ್ನು ಹೊತ್ತುಕೊಂಡಿತ್ತು. ಇಂಪ್ರಿಂಟಿಂಗ್ ಎಂದು ಕರೆಯಲಾಗುವ ಈ ವಿದ್ಯಮಾನ ಸಸ್ತನಿಗಳಲ್ಲಿ ತಿಳಿದುಬಂದದ್ದು ಆಮೇಲೆ.

ಮುದ್ರೆ ಬೀಳುವುದು ಹೇಗೆಂಬುದು ಅರಾಬಿಡಾಪ್ಸಿಸ್‌ನಲ್ಲಿ ಸ್ಪಷ್ಟವಾಯಿತು. ಡಿಎನ್‌ಎಗೆ ಅಂಟಿಕೊಳ್ಳುವ ಮೀಥೈಲ್ ಎಂಬ ರಾಸಾಯನಿಕ ಗುರುತು ಅನೇಕ ಜೀನ್‌ಗಳ ಬಾಯಿ ಕಟ್ಟುತ್ತದೆ. ನಿಷೇಚನಕ್ಕೆ ಮುನ್ನ ಮಧ್ಯಕೋಶದಲ್ಲಿ ‘ಡಿಮೀಟರ್’ ಎಂಬ ಜೀನ್ ಎಚ್ಚೆತ್ತು ಆ ಗುರುತುಗಳನ್ನು ಅಳಿಸುತ್ತದೆ ಎಂದು 2002ರಲ್ಲಿ ಬರ್ಕ್ಲಿಯ ರಾಬರ್ಟ್ ಫಿಷರ್ ಅವರ ತಂಡ ಕಂಡುಕೊಂಡಿತು. ಹೀಗೆ ತಾಯಿಯ ಪ್ರತಿ ಮಾತನಾಡುತ್ತದೆ. ತಂದೆಯ ಪ್ರತಿ ಮೌನವಾಗಿಯೇ ಉಳಿಯುತ್ತದೆ. ಡಿಮೀಟರ್ ಎಬ್ಬಿಸುವ ಜೀನ್‌ಗಳಲ್ಲಿ ‘ಮೆಡಿಯಾ’ ಒಂದು. ಅದರ ತಾಯಿಪ್ರತಿ ಕೆಟ್ಟರೆ ತಂದೆಯ ಪ್ರತಿ ಎಷ್ಟೇ ಸರಿಯಿದ್ದರೂ ಬೀಜ ಸಾಯುತ್ತದೆಂದು 1998ರಲ್ಲಿ ತಿಳಿದುಬಂದಿತ್ತು. ಮಕ್ಕಳನ್ನು ಕೊಂದ ತಾಯಿಯೊಬ್ಬಳ ಹೆಸರನ್ನು ಗ್ರೀಕ್ ಪುರಾಣದಿಂದ ಎತ್ತಿ ಇಟ್ಟಿರುವುದು ಅದಕ್ಕೇ.

ಇದೇ ಗುಂಪಿನ ಜೀನ್‌ಗಳು ಕೆಟ್ಟಾಗ ಪರಾಗವೇ ಬೀಳದಿದ್ದರೂ ಎಂಡೋಸ್ಪರ್ಮ್ ಬೆಳೆಯತೊಡಗುತ್ತದೆ ಎಂಬುದನ್ನು ಆಸ್ಟ್ರೇಲಿಯಾದಲ್ಲಿ ಬಾಂಗ್ಲಾದೇಶ ಮೂಲದ ಆಬೇದ್ ಚೌಧುರಿ ಮತ್ತು ಸಹೋದ್ಯೋಗಿಗಳು 1997ರಲ್ಲಿಯೇ ವರದಿ ಮಾಡಿದ್ದರು. ಆ ಬೀಜಗಳು ಪೂರ್ತಿ ಬಲಿಯಲಿಲ್ಲ. ಎಂಡೋಸ್ಪರ್ಮ್‌ಗೆ ತಾಯಿಯಿಂದ ಎರಡು ಪಾಲು, ತಂದೆಯಿಂದ ಒಂದು ಪಾಲು ಜೀನೋಮ್ ಬರಬೇಕು. ಈ ಅನುಪಾತ ತಪ್ಪಿದರೆ ಬಹಳಷ್ಟು ಬೆಳೆಗಳಲ್ಲಿ ಕಾಳು ಜೊಳ್ಳಾಗುತ್ತದೆ.

ತಂದೆಯಿಲ್ಲದ ಭ್ರೂಣ

ನಿಷೇಚನವಿಲ್ಲದೆ ಬೀಜ ಕಟ್ಟುವುದು ಪ್ರಕೃತಿಗೆ ಹೊಸದಲ್ಲ. ಕಿತ್ತಳೆ ಜಾತಿಯ ಹಲವು ಮರಗಳಲ್ಲಿ, ಪಶ್ಚಿಮ ಕರಾವಳಿಯ ಕೆಲವು ಮಾವಿನ ತಳಿಗಳಲ್ಲಿ ಒಂದೇ ಬೀಜದಿಂದ ಹಲವು ಸಸಿಗಳು ಏಳುವುದನ್ನು ತೋಟಗಾರರು ಬಲ್ಲರು. ಅವುಗಳಲ್ಲಿ ಹೆಚ್ಚಿನವು ತಾಯಿಮರದ ಪಡಿಯಚ್ಚು. ಅಂಡಕದ ಗೋಡೆಯ ತಾಯಿಕೋಶಗಳೇ ಅಲ್ಲಿ ಭ್ರೂಣವಾಗಿರುತ್ತವೆ. ಅಪೊಮಿಕ್ಸಿಸ್ ಎಂಬ ಈ ಗುಣ ಭತ್ತ, ಗೋಧಿ, ಮೆಕ್ಕೆಜೋಳದಲ್ಲಿಲ್ಲ. ಇದ್ದಿದ್ದರೆ ಹೈಬ್ರಿಡ್ ಗಿಡದ ಬೀಜವೂ ಹೈಬ್ರಿಡ್ಡೇ ಆಗಿರುತ್ತಿತ್ತು.

ಅದನ್ನು ತರಲು ಎರಡು ಅಡ್ಡಿ ದಾಟಬೇಕು. ಮೊದಲನೆಯದಾಗಿ, ಜೀನ್‌ಗಳನ್ನು ಕಲಸಿ ಅರ್ಧಕ್ಕಿಳಿಸುವ ಮಿಯಾಸಿಸ್ ತಪ್ಪಬೇಕು. ಎರಡನೆಯದಾಗಿ, ಅಂಡಾಣು ಗಂಡಿನ ನೆರವಿಲ್ಲದೆ ಭ್ರೂಣವಾಗಬೇಕು.

ಮೊದಲ ಅಡ್ಡಿಯನ್ನು ದಾಟುವಲ್ಲಿ ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ಪಾತ್ರ ದೊಡ್ಡದು. ಡಯಾಡ್ ಎಂಬ ಒಂದೇ ಜೀನ್ ಬದಲಾದರೆ ಅರಾಬಿಡಾಪ್ಸಿಸ್‌ನಲ್ಲಿ ತಾಯಿಯ ಪೂರ್ಣ ಜೀನೋಮ್ ಹೊತ್ತ ಅಂಡಾಣುಗಳು ಹುಟ್ಟಬಲ್ಲವು ಎಂದು ಎಂ. ರವಿ, ಮಾರಿಮುತ್ತು ಮತ್ತು ಇಮ್ರಾನ್ ಸಿದ್ದಿಕಿ 2008ರಲ್ಲಿ ತೋರಿಸಿದರು. ಮರುವರ್ಷ ಫ್ರಾನ್ಸಿನ ರಾಫೇಲ್ ಮರ್ಸಿಯರ್ ಅವರ ತಂಡ ಮೂರು ಜೀನ್‌ಗಳನ್ನು ಒಟ್ಟಿಗೆ ಕೆಡಿಸಿ ಮಿಯಾಸಿಸ್ ಬದಲು ಸಾಮಾನ್ಯ ವಿಭಜನೆ ನಡೆಯುವಂತೆ ಮಾಡಿತು. ‘ಮೈಮಿ’ ಎಂಬ ಅಡ್ಡಹೆಸರಿನ ಈ ಉಪಾಯ 2016ರಲ್ಲಿ ಭತ್ತದಲ್ಲೂ ಫಲಿಸಿತು.

ಎರಡನೆಯ ಅಡ್ಡಿ ಹೆಚ್ಚು ಗಟ್ಟಿ. ಅದರ ಬೀಗ ತೆಗೆದದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಆವರಣದಲ್ಲಿ ಸುಂದರೇಶನ್ ಅವರ ಪ್ರಯೋಗಾಲಯ. ಮುಖ್ಯ ಪ್ರಯೋಗ ನಡೆಸಿದ ಇಮ್ತಿಯಾಜ್ ಖಾಂಡೆ, ಅದಕ್ಕೆ ಮುನ್ನ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಭತ್ತದ ಹೂವಿನ ಜೀನ್‌ಗಳ ಬಗ್ಗೆ ಸಂಶೋಧನೆ ಮಾಡಿದವರು. ಭತ್ತದ ಅಂಡಾಣುವಿನಲ್ಲಿ ‘ಬೇಬಿ ಬೂಮ್-1’ ಎಂಬ ಜೀನ್ ಮೌನವಾಗಿರುತ್ತದೆ. ಗಂಡು ಲಿಂಗಾಣುವಿನಲ್ಲಿ ಅದು ಎಚ್ಚರವಾಗಿರುತ್ತದೆ. ಕೂಡಿದ ಬಳಿಕ ಮೊದಲು ಕೆಲಸ ಶುರುಮಾಡುವುದೂ ತಂದೆಯಿಂದ ಬಂದ ಪ್ರತಿಯೇ. ಭ್ರೂಣವಾಗಲು ಅಂಡಾಣು ಕಾಯುತ್ತಿದ್ದ ಅಪ್ಪಣೆ ಬಹುಮಟ್ಟಿಗೆ ಇದು. ಹಾಗಿದ್ದರೆ ಅಂಡಾಣುವಿನಲ್ಲೇ ಈ ಜೀನನ್ನು ಎಬ್ಬಿಸಿದರೆ?

ಎಬ್ಬಿಸಲು ಅಂಡಾಣುವಿನಲ್ಲಿ ಮಾತ್ರ ಕೆಲಸ ಮಾಡುವ ಒಂದು ಸ್ವಿಚ್ ಬೇಕಿತ್ತು. 2007ರ ಪಟ್ಟಿಯ ಡಿಡಿ45 ಇಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ಆ ಜೀನ್ ಎಲ್ಲಿ, ಯಾವಾಗ ಓದಲ್ಪಡಬೇಕೆಂದು ನಿರ್ಧರಿಸುವ ಡಿಎನ್‌ಎ ತುಣುಕನ್ನು ಬೇಬಿ ಬೂಮ್‌ಗೆ ಜೋಡಿಸಿದಾಗ ಭತ್ತದ ಕೆಲವು ಅಂಡಾಣುಗಳು ನಿಷೇಚನವಿಲ್ಲದೆಯೇ ಭ್ರೂಣವಾದವು. ಇದರೊಡನೆ ಮೈಮಿಯನ್ನೂ ಸೇರಿಸಿದ ಗಿಡಗಳು ತಮ್ಮದೇ ಪಡಿಯಚ್ಚಿನ ಬೀಜ ಕಟ್ಟಿದವು. 2018ರ ಡಿಸೆಂಬರ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಈ ವರದಿ ಬಂದಾಗ ಅಂತಹ ಬೀಜಗಳ ಪ್ರಮಾಣ ಗರಿಷ್ಠ ಶೇ 29ರಷ್ಟಿತ್ತು. ನೂರಕ್ಕೆ ಎಪ್ಪತ್ತು ಬೀಜ ಬೇರೆಯಾದರೆ ರೈತನಿಗೆ ಪ್ರಯೋಜನವಿಲ್ಲ. ಆದರೆ 2022ರಲ್ಲಿ ಫ್ರಾನ್ಸ್, ಜರ್ಮನಿ ಮತ್ತು ಅಮೆರಿಕದ ವಿಜ್ಞಾನಿಗಳು ವಾಣಿಜ್ಯ ಹೈಬ್ರಿಡ್ ಭತ್ತವೊಂದರಲ್ಲಿ ಈ ಪ್ರಮಾಣವನ್ನು ಶೇ 95ಕ್ಕಿಂತ ಮೇಲಕ್ಕೆ ಏರಿಸಿದರು. ಪೀಳಿಗೆಯಿಂದ ಪೀಳಿಗೆಗೆ ಗುಣ ಉಳಿಯಿತೆಂದೂ ಅವರು ಹೇಳಿದ್ದಾರೆ.

ಹೊಲಕ್ಕೆ ಇಳಿಯುವ ಮುನ್ನ

ಭಾರತದಲ್ಲಿ ಹೈಬ್ರಿಡ್ ಭತ್ತ ಇಂದಿಗೂ ಒಟ್ಟು ಭತ್ತದ ಪ್ರದೇಶದ ಸಣ್ಣ ಪಾಲಿಗೆ ಸೀಮಿತ. ಮಂಡ್ಯದ ವಿ.ಸಿ. ಫಾರಂನಲ್ಲಿ ರೂಪುಗೊಂಡ ಕೆಆರ್‌ಎಚ್-2ರಂತಹ ಹೈಬ್ರಿಡ್‌ಗಳು ರಾಜ್ಯದಲ್ಲಿ ಪರಿಚಿತವೇ ಆದರೂ, ಪ್ರತಿ ವರ್ಷ ದುಬಾರಿ ಬೀಜ ಕೊಳ್ಳಬೇಕೆಂಬುದು ಸಣ್ಣ ಹಿಡುವಳಿದಾರರನ್ನು ಹಿಂಜರಿಯುವಂತೆ ಮಾಡಿದೆ. ಪಡಿಯಚ್ಚಿನ ಬೀಜ ಈ ಅಡಚಣೆಯನ್ನು ತೆಗೆಯಬಲ್ಲದು. ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 2001ರ ಪ್ರಕಾರ ರೈತರು ಬೀಜ ಉಳಿಸಿಕೊಳ್ಳಲು, ಬಿತ್ತಲು, ಹಂಚಿಕೊಳ್ಳಲು, ಬ್ರಾಂಡ್ ಹಾಕದೆ ಮಾರಲು ಹಕ್ಕುಳ್ಳವರು. ಹೈಬ್ರಿಡ್‌ಗಳ ಮಟ್ಟಿಗೆ ಈ ಹಕ್ಕು ಇದುವರೆಗೆ ಬಹುತೇಕ ಕಾಗದದ ಮೇಲಿನದು.

ಕಾನೂನಿನ ಇನ್ನೊಂದು ಮುಖ ಅಷ್ಟು ಅನುಕೂಲಕರವಲ್ಲ. ಹೊರಗಿನ ಡಿಎನ್‌ಎ ಉಳಿಯದಂತೆ ಜೀನ್ ತಿದ್ದಿದ ಕೆಲವು ಬಗೆಯ ಸಸ್ಯಗಳಿಗೆ ಕೇಂದ್ರ ಪರಿಸರ ಸಚಿವಾಲಯ 2022ರ ಮಾರ್ಚ್‌ನಲ್ಲಿ ಕಠಿಣ ನಿಯಮಗಳಿಂದ ವಿನಾಯಿತಿ ನೀಡಿತು. ಅಂತಹ ಎರಡು ಭತ್ತದ ತಳಿಗಳನ್ನು 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿತು. ಮೈಮಿಯ ಮೂರು ತಿದ್ದುಪಡಿಗಳು ತಾವಾಗಿ ಈ ವರ್ಗಕ್ಕೆ ಸೇರಬಹುದು. ಅಂಡಾಣುವಿನ ಸ್ವಿಚ್ ಜೋಡಿಸಿ ಸೇರಿಸಿದ ಬೇಬಿ ಬೂಮ್ ಹಾಗಲ್ಲ, ಅದು ಕುಲಾಂತರಿ. ಕುಲಾಂತರಿ ಬೆಳೆಗಳಲ್ಲಿ 2002ರ ಬಿಟಿ ಹತ್ತಿಯ ನಂತರ ಬೇರೊಂದು ದೇಶದ ಹೊಲಗಳಲ್ಲಿ ವಾಣಿಜ್ಯವಾಗಿ ನೆಲೆಯೂರಿಲ್ಲ. ಡಿಎಂಎಚ್-11 ಸಾಸಿವೆಯ ವಿಷಯದಲ್ಲಿ 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್‌ನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದ್ದು ನೆನಪಿರಬಹುದು.

ಬೀಜೋತ್ಪಾದನೆಯನ್ನೇ ನೆಚ್ಚಿಕೊಂಡವರೂ ಇದ್ದಾರೆ. ರಾಣೆಬೆನ್ನೂರು ಸುತ್ತಲಿನ ಹಳ್ಳಿಗಳಲ್ಲಿ ಹತ್ತಿ ಮತ್ತು ತರಕಾರಿ ಹೈಬ್ರಿಡ್ ಬೀಜಕ್ಕಾಗಿ ಹೂವಿನ ಗಂಡುಭಾಗವನ್ನು ಕೈಯಿಂದ ತೆಗೆದು, ಬೇರೆ ತಳಿಯ ಪರಾಗ ಮುಟ್ಟಿಸುವ ಕೆಲಸ ಅನೇಕರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಕೂಲಿ ಒದಗಿಸಿದೆ. ಸದ್ಯದ ಯಶಸ್ಸು ಮುಖ್ಯವಾಗಿ ಭತ್ತದ್ದಾಗಿರುವುದರಿಂದ ಅವರ ಕೆಲಸಕ್ಕೆ ತಕ್ಷಣದ ಧಕ್ಕೆಯಿಲ್ಲ. ಒಂದೇ ಪಡಿಯಚ್ಚಿನ ಗಿಡ ಸಾವಿರಾರು ಎಕರೆ ಆವರಿಸಿದರೆ ಒಂದು ರೋಗ ಎಲ್ಲವನ್ನೂ ಹೊಡೆಯಬಹುದೆಂಬ ಆತಂಕವೂ ಇದೆ. ಇಂದಿನ ಹೈಬ್ರಿಡ್ ಹೊಲಗಳೂ ಏಕರೂಪದವೇ. ಆದರೆ ಅಲ್ಲಿ ಬೀಜ ಪ್ರತಿ ವರ್ಷ ಬದಲಿಸಲು ಅವಕಾಶವಿದೆ.

ಇನ್ನು ಉಳಿದಿರುವುದು ಮಧ್ಯಕೋಶದ ಸಮಸ್ಯೆ. ಪಡಿಯಚ್ಚಿನ ಭತ್ತದಲ್ಲಿ ಭ್ರೂಣಕ್ಕೆ ಪರಾಗ ಬೇಡವಾದರೂ ಎಂಡೋಸ್ಪರ್ಮ್‌ಗೆ ಬೇಕೇ ಬೇಕು. ಮೈಮಿ ಗಿಡದಲ್ಲಿ ಗಂಡು ಲಿಂಗಾಣುವೂ ಅರ್ಧಕ್ಕಿಳಿಯದ ಪೂರ್ಣ ಜೀನೋಮ್ ಹೊತ್ತಿರುವುದರಿಂದ ಎರಡಕ್ಕೆ ಒಂದರ ಅನುಪಾತ ತಪ್ಪದೆ ಕಾಳು ತುಂಬುತ್ತದೆ. ಪರಾಗವೇ ಸತ್ತರೆ ಇದಾವುದೂ ನಡೆಯದು. ಹೂ ಅರಳುವ ಹೊತ್ತಿನಲ್ಲಿ ಉಷ್ಣಾಂಶ 35 ಡಿಗ್ರಿ ಸೆಲ್ಸಿಯಸ್ ದಾಟಿದರೆ ಭತ್ತದ ಅನೇಕ ತಳಿಗಳಲ್ಲಿ ಪರಾಗ ನಿಷ್ಫಲವಾಗಿ ತೆನೆ ಜೊಳ್ಳಾಗುತ್ತದೆ. ತಂದೆಯ ಪಾಲಿಲ್ಲದೆ ಮಧ್ಯಕೋಶವೊಂದರಿಂದಲೇ ಗಟ್ಟಿ ಕಾಳು ತುಂಬಿಸಲು ಯಾವ ಜೀನ್‌ಗಳನ್ನು ಎಬ್ಬಿಸಬೇಕು, ಯಾವುದನ್ನು ಮಲಗಿಸಬೇಕು ಎಂಬ ಹುಡುಕಾಟ ಹಲವು ಪ್ರಯೋಗಾಲಯಗಳಲ್ಲಿ ಮುಂದುವರಿದಿದೆ.